ಸೂರಪ್ಪ ಆರಿಸಿಕೊಂಡ ಇಕ್ಕಳ

ಲೋಕ ಆಗಷ್ಟೇ ಆಗಿತ್ತು. ಹೊಳೆಗೆ ಕಡಲು ಎಲ್ಲಿದೆ ಅಂತ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ, ದಾರಿ ಕೇಳಿಕೊಂಡು ಬರುತ್ತಿತ್ತು. ಹಕ್ಕಿಗೆ ಕೊಕ್ಕಿರಲಿಲ್ಲ, ಹೆಗ್ಗಣಕ್ಕೆ ಹಲ್ಲಿರಲಿಲ್ಲ. ಏಡಿಗೆ ಕೈ ಇರಬೇಕಾದ ಜಾಗದಲ್ಲಿ ಎರಡು ಮೊಂಡು ಗೆಣ್ಣು ಇದ್ದವು, ಅಷ್ಟೇ. ಯಾರಿಗೂ ಮನೆಯೂ ಇರಲಿಲ್ಲ. ಮನೆ ಮಾಡಿಕೊಳ್ಳೋಣ ಅಂದರೆ ಹತಾರ ಬೇಕಲ್ಲ, ಬರಿಗೈಯಲ್ಲಿ ಏನು ಮಾಡುವುದು?

ಹತಾರಗಳನ್ನು ತಂದವಳು ಕಡಲಾಮೆ. ಅವಳ ಮನೆ ಅವಳ ಬೆನ್ನ ಮೇಲೇ ಇತ್ತು, ಹಾಗಾಗಿ ಅವಳಿಗೆ ಯಾವ ಹತಾರದ ಮೇಲೂ ಆಸೆ ಇರಲಿಲ್ಲ. ಆಸೆ ಇಲ್ಲದವರ ಕೈಯಲ್ಲಿ ಹಂಚಿಸಿದರೆ ಜಗಳ ಕಡಿಮೆ ಅಂತ ಹೊಳೆ, ಕಡಲು, ಗಾಳಿ ಮೂವರೂ ಕೂತು ಮಾತಾಡಿ ಆ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು.

ಹುಣ್ಣಿಮೆಯ ಮರುದಿನ ಬೆಳಿಗ್ಗೆ, ನೀರು ಪೂರಾ ಇಳಿದಿದ್ದಾಗ, ಆಮೆ ಅಳಿವೆಯ ದಂಡೆಗೆ ಬಂದು ಬೆನ್ನ ಮೇಲಿನ ಹೊರೆಯನ್ನು ಮರಳಿನ ಮೇಲೆ ಸುರಿದಳು. ಹೊಳೆ ಕಡಲಿಗೆ ಸೇರುವ ಜಾಗ ಅದು, ಅತ್ತಿತ್ತ ನೋಡಿದಷ್ಟೂ ಕೆಸರು. ಯಾರಿಗೆ ಎಷ್ಟು ಕೈಯೋ ಅಷ್ಟು ಹತಾರ, ಬಾಯಿ ಒಂದೇ ಇದ್ದವರಿಗೆ ಒಂದೇ, ಅಂತ ಹೇಳಿದಳು. ಮಧ್ಯಾಹ್ನ ಉಬ್ಬರ ಬಂದು ಇಳಿಯತೊಡಗಿದ ಕೂಡಲೇ ಆ ಸೆಳೆತದ ಜೊತೆ ತಾನು ಹೊರಡುವವಳು, ಇನ್ನೂ ಎಷ್ಟೋ ದಂಡೆಗಳಲ್ಲಿ ಜನ ಕಾಯುತ್ತಿದ್ದಾರೆ ಅಂತಲೂ ಹೇಳಿದಳು.

ಸೂರಪ್ಪ ಎಂಬ ಏಡಿ ತನ್ನ ಹೆಂಡತಿ ಅಕ್ಕಣಿಯ ಜೊತೆ ಸಾಲಿನಲ್ಲಿ ನಿಂತಿದ್ದ. ಅವನಿಗೆ ಅವಸರವಿತ್ತು. ಅಕ್ಕಣಿಯ ಹೊಟ್ಟೆಯಡಿ ಗೊಂಚಲು ಗೊಂಚಲು ಮೊಟ್ಟೆ. ಮೊದಲ ಬಸಿರು ಬೇರೆ. ಹುಣ್ಣಿಮೆಯ ಉಬ್ಬರ ಅಂದರೆ ಸಣ್ಣದಲ್ಲ, ಅದು ಬರುವುದರೊಳಗೆ ಬಿಲ ತೋಡಿ, ಅವಳನ್ನು ಒಳಗೆ ಕೂರಿಸಿ, ಬಾಗಿಲಿಗೆ ಕೆಸರು ಮೆತ್ತಿ ಮುಚ್ಚಿಬಿಡಬೇಕು. ಇಲ್ಲದಿದ್ದರೆ ನೀರು ಮೊಟ್ಟೆಗಳನ್ನು ಬಾಚಿಕೊಂಡು ಹೋಗುತ್ತದೆ. ಇದು ಸೂರಪ್ಪನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಅವನನ್ನು ಯಾರೂ ವಹಿಸಿಕೊಂಡು ಬರಬೇಡಿ.

ಆಮೆ ಕೊಡುವ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಇದರಿಂದ ನಿನ್ನ ಮನೆಗೆ ಏನೇನು ಕೆಲಸ ಆಗುತ್ತದೆ? ಮಿಂಚುಳ್ಳಿ ಉದ್ದನೆಯ ನೆಟ್ಟಗಿನ ಕೊಕ್ಕು ಎತ್ತಿಕೊಂಡಿತು. ದಂಡೆ ಕೊರೆದು ಗೂಡು ಮಾಡುವುದಕ್ಕೂ ಆಯಿತು, ಮೀನು ಹಿಡಿಯುವುದಕ್ಕೂ ಆಯಿತು ಅಂದಿತು. ಹೆಗ್ಗಣ ಹಲ್ಲು ತೆಗೆದುಕೊಂಡಿತು. ಕಡಿಯುವುದಕ್ಕೂ ಅದೇ, ತಿನ್ನುವುದಕ್ಕೂ ಅದೇ. ಆಮೆ ತಲೆಯಾಡಿಸಿ ಕೊಟ್ಟಳು.

ಅಕ್ಕಣಿಯ ಸರದಿ ಬಂತು. ಅವಳು ರಾಶಿಯ ಅಂಚಿನಲ್ಲಿ ಬಿದ್ದಿದ್ದ ಒಂದು ಸಣ್ಣ ಇಕ್ಕಳ ಎತ್ತಿದಳು. ಮಣ್ಣಿನ ಬಣ್ಣ, ನೋಡಲು ಏನೂ ಇಲ್ಲ, ತುದಿ ಮಾತ್ರ ಚಮಚದ ಹಾಗೆ ಒಳಕ್ಕೆ ಬಗ್ಗಿತ್ತು. ಅದನ್ನು ಗೆಣ್ಣಿಗೆ ಸಿಕ್ಕಿಸಿ ತೆರೆದು ಮುಚ್ಚಿ ನೋಡಿದಳು. ಕೆಸರು ಕೆದಕಿದಳು. ಕೆದಕಿದ್ದನ್ನು ಉಂಡೆ ಕಟ್ಟಿದಳು, ಉಂಡೆಯನ್ನು ಹೊತ್ತು ನಾಲ್ಕು ಹೆಜ್ಜೆ ನಡೆದಳು. ಕೊನೆಗೆ ಬಾಯಿಗೆ ಎಟುಕುತ್ತದೋ ಇಲ್ಲವೋ ಅಂತಲೂ ನೋಡಿದಳು, ಎಟುಕಿತು. ಅಗೆಯುವುದು, ಉಂಡೆ ಕಟ್ಟುವುದು, ಹೊರುವುದು, ಬಾಗಿಲು ಮೆತ್ತುವುದು, ಉಣ್ಣುವುದು. ಐದು ಕೆಲಸ ಅಂತ ಆಮೆಗೆ ಹೇಳಿ, ಅಂಥದ್ದೇ ಇನ್ನೊಂದನ್ನು ಹುಡುಕಿ ಎರಡೂ ಕೈಗೆ ಹಾಕಿಕೊಂಡಳು. ನೀವೂ ಇದನ್ನೇ ತಗೊಳ್ಳಿ ಅಂತ ಗಂಡನಿಗೂ ಹೇಳಿದಳು.

ಸೂರಪ್ಪ ಒಂದು ತೆಗೆದುಕೊಂಡ. ಎರಡನೆಯದಕ್ಕೂ ಕೈ ಚಾಚಿದ್ದ. ಆಗ ರಾಶಿಯ ನಟ್ಟನಡುವೆ ಇನ್ನೊಂದು ಇಕ್ಕಳ ಕಂಡಿತು. ಅವನ ಮೈಗಿಂತ ದೊಡ್ಡದು. ಬಿಳಿ, ಅದರ ಮೇಲೆ ಕೇಸರಿ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಗಾಳಿಗೆ ಮೊದಲಿಂದಲೂ ಒಂದು ಕೆಟ್ಟ ಅಭ್ಯಾಸ, ಸುಮ್ಮನೆ ಹೋಗುವವರ ಕಿವಿಯಲ್ಲಿ ಏನಾದರೂ ಊದುತ್ತದೆ. ಅದನ್ನು ಎತ್ತಿ ಹಿಡಿದರೆ ಆಚೆ ದಡದವರಿಗೂ ಕಾಣುತ್ತೆ ನೋಡು ಮಾರಾಯಾ, ಇಡೀ ಅಳಿವೆಯಲ್ಲಿ ಯಾರ ಹತ್ತಿರವೂ ಇಲ್ಲ ಅಂದಿತು. ಸೂರಪ್ಪ ಉಬ್ಬಿಹೋದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಎರಡನೆಯ ಸಣ್ಣದನ್ನು ಅಲ್ಲೇ ಬಿಟ್ಟು ಆ ಕೈಗೆ ದೊಡ್ಡದನ್ನು ಎಳೆದುಕೊಂಡ.

"ಇದರಿಂದ ಮನೆಗೆ ಏನು ಕೆಲಸ?" ಅಂತ ಆಮೆ ಕೇಳಿದಳು.

"ಬಂಡೆ ಒಡೀಬಹುದು."

ಆಮೆ ಕತ್ತು ಚಾಚಿ ಸುತ್ತಲೂ ನೋಡಿದಳು. ಹೊಳೆ ತಿರುಗುವ ತನಕವೂ ಕೆಸರೇ. ಬಂಡೆ ಎಲ್ಲಿದೆಯಪ್ಪಾ ಅಂತ ಕೇಳಿದಳು.

"ಇಲ್ಲ, ಆದರೂ ಮುಂದೆ ಯಾವತ್ತಾದರೂ ಬೇಕಾಗುತ್ತೆ" ಅಂದ ಸೂರಪ್ಪ.

ಈ ಮಾತನ್ನು ಲೋಕದಲ್ಲಿ ಮೊದಲು ಆಡಿದವನು ಅವನೇ. ಆಮೇಲೆ ಎಷ್ಟು ಮನೆಯ ಗಂಡಸರು ಆಡಿದರೋ, ಎಷ್ಟು ಅಟ್ಟದ ಮೇಲೆ ಎಷ್ಟು ಹತಾರ ತುಕ್ಕು ಹಿಡಿದವೋ, ಅದು ಬೇರೆ ಮಾತು. ಆರಿಸಿಕೊಳ್ಳಿ ಅಂದವಳು ತಾನೇ ಆದ್ದರಿಂದ ಆಮೆ ಇಲ್ಲ ಅನ್ನಲಿಲ್ಲ. ಅಕ್ಕಣಿ ಗಂಡನ ಮುಖ ನೋಡಿದಳು, ಸಾಲಿನಲ್ಲಿ ನಿಂತವರೆದುರು ಬೈಯಲಿಲ್ಲ.

ಮನೆ ಇನ್ನೂ ಇಲ್ಲದಿದ್ದರೂ ಏಡಿಗಳಲ್ಲಿ ಪದ್ಧತಿ ಮಾತ್ರ ಆಗಲೇ ಇತ್ತು. ಬಸುರಿ ಬಿಲದ ಕೆಲಸಕ್ಕೆ ಕೈ ಹಚ್ಚಬಾರದು, ಮನೆ ತೋಡುವುದು ಗಂಡನದೇ ಕೆಲಸ. ಸೂರಪ್ಪ ಅಕ್ಕಣಿಯನ್ನು ದಿಬ್ಬದ ಮೇಲೆ ಕೂರಿಸಿ, ನೀನು ನೋಡ್ತಾ ಇರು ಅಂದ. ಅವಳು ನೋಡಿದಳು. ದೊಡ್ಡ ಇಕ್ಕಳ ಎತ್ತಿ ಕೆಸರಿಗೆ ಒಂದು ಏಟು ಹಾಕಿದ, ಕೆಸರು ಹಾರಿ ಅವನ ಕಣ್ಣಿಗೇ ಬಿತ್ತು. ಅದರಿಂದ ಬಾಚಲು ಹೋದ, ಬಗ್ಗಲಿಲ್ಲ. ಉಂಡೆ ಕಟ್ಟಲು ಹೋದ, ಉಂಡೆ ಅಪ್ಪಚ್ಚಿಯಾಯಿತು. ಈ ಕೆಸರೇ ಸರಿ ಇಲ್ಲ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕೊನೆಗೆ ಸಣ್ಣ ಕೈಯೊಂದರಲ್ಲೇ ತೋಡತೊಡಗಿದ. ಒಂದು ಉಂಡೆ ಹೊತ್ತು ಹೊರಗೆ ಹಾಕಿ ಬರುವಷ್ಟರಲ್ಲಿ ಒಳಗೆ ಎರಡು ಉಂಡೆಯಷ್ಟು ಕೆಸರು ಜಾರಿರುತ್ತಿತ್ತು. ದೊಡ್ಡ ಇಕ್ಕಳ ಬಾಗಿಲಿಗೆ ಸಿಕ್ಕಿಕೊಂಡು ಒಳಗೆ ಹೋಗಲೂ ಆಗದು, ಹೊರಗೆ ಬರಲೂ ಆಗದು. ಅದಕ್ಕಾಗಿ ಬಾಗಿಲನ್ನು ಅಗಲ ಮಾಡಿದ. ಅಗಲ ಮಾಡಿದ ಬಾಗಿಲನ್ನು ಆಮೇಲೆ ಮುಚ್ಚಬೇಕಲ್ಲ ಅನ್ನುವುದು ಆಗ ಅವನಿಗೆ ಹೊಳೆಯಲಿಲ್ಲ.

ಹೊಳೆ ಕೂಗಿ ಹೇಳಿತು, ಕಡಲು ಹೊರಟಿದೆ, ನನ್ನನ್ನು ಹಿಂದಕ್ಕೆ ತಳ್ಳುತ್ತಿದೆ, ಬೇಗ ಮಾಡು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೂಗಿತು. ಬಿಲ ಇನ್ನೂ ಅರ್ಧ. ಸೂರಪ್ಪನಿಗೆ ಭಯವಾಯಿತು. ಅವಸರಕ್ಕೆ ಕಟ್ಟಿದ ಉಂಡೆಯೂ ಬಿದ್ದುಹೋಯಿತು. ಗಾಳಿಯ ಕಡೆ ನೋಡಿದ. ಅದು ಆಗಲೇ ಇನ್ನಾರದೋ ಕಿವಿ ಹುಡುಕಿಕೊಂಡು ಹೋಗಿತ್ತು.

ಅಕ್ಕಣಿ ದಿಬ್ಬದಿಂದ ಇಳಿದು ಬಂದಳು.

"ಪದ್ಧತಿ ನೋಡ್ತಾ ಕೂತರೆ ಮಕ್ಕಳು ನೀರುಪಾಲು. ಸರೀರಿ ಆ ಕಡೆ."

ಎರಡೂ ಕೈಯಲ್ಲಿ ಅಗೆದಳು. ಒಂದು ಕೈ ಕೆದಕುತ್ತಿದ್ದರೆ ಇನ್ನೊಂದು ಉಂಡೆ ಕಟ್ಟುತ್ತಿತ್ತು. ಬಸುರಿ ಏದುಸಿರು ಬಿಡುತ್ತ ತೋಡಿದಳು, ಸೂರಪ್ಪ ತನ್ನ ಒಂದು ಕೈಯಲ್ಲಿ ಆದಷ್ಟು ಹೊತ್ತು ಹಾಕಿದ. ನೀರು ಕಾಲು ಮುಟ್ಟುವ ಹೊತ್ತಿಗೆ ಇಬ್ಬರೂ ಒಳಗಿದ್ದರು. ಬಾಗಿಲಿಗೆ ಅಕ್ಕಣಿ ಉಂಡೆಯ ಮೇಲೆ ಉಂಡೆ ಇಟ್ಟು ಮೆತ್ತಿದಳು. ಬಾಗಿಲು ಅಗಲ, ಎಷ್ಟು ಮೆತ್ತಿದರೂ ಒಂದು ಮೂಲೆ ಸಾಲದೆ ಬಂತು. ಸೂರಪ್ಪ ದೊಡ್ಡ ಇಕ್ಕಳವನ್ನು ಆ ಮೂಲೆಗೆ ಒತ್ತಿ ಹಿಡಿದ. ಅದು ನುಣುಪು, ಸುತ್ತಲಿಂದ ನೀರು ನುಗ್ಗಿತು. ಆಮೇಲೆ ತನ್ನ ಬೆನ್ನನ್ನೇ ಒಡ್ಡಿ ಕೂತ. ಉಬ್ಬರ ಇಳಿಯುವ ತನಕ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಒಳಬಂದ ನೀರು ಒಂದು ಗೊಂಚಲು ಮೊಟ್ಟೆಯನ್ನು ಕಿತ್ತು ಮಣ್ಣಿನಲ್ಲಿ ಹುಗಿದುಬಿಟ್ಟಿತ್ತು. ಉಳಿದವು ಉಳಿದವು. ಅಕ್ಕಣಿ ಅತ್ತಳು. ಸೂರಪ್ಪನೂ ಅತ್ತ. ತಪ್ಪು ನನ್ನದೇ ಅಂತ ಬಾಯಿ ಬಿಟ್ಟು ಹೇಳಿದ. ಹೆಂಡತಿ ಹೌದು ಅಂದಳು, ಮೊದಲು ಹೋಗಿ ಅದನ್ನು ಬದಲಾಯಿಸಿಕೊಂಡು ಬನ್ನಿ ಅಂದಳು.

ಬಾಗಿಲು ಒಡೆದುಕೊಂಡು ಅಡ್ಡಡ್ಡ ಓಡಿದ. ದೊಡ್ಡ ಇಕ್ಕಳದ ಭಾರಕ್ಕೆ ಎರಡು ಸಲ ಮುಗ್ಗರಿಸಿ ಬಿದ್ದ. ಮರಳು ದಂಡೆ ತಲುಪಿದಾಗ ಅಲ್ಲಿ ರಾಶಿ ಇರಲಿಲ್ಲ. ಇಳಿಯುವ ನೀರಿನ ಜೊತೆ ಆಮೆ ಹೊರಟಾಗಿತ್ತು, ಅಲೆಗಳ ಆಚೆ ತಲೆ ಮಾತ್ರ ಕಾಣುತ್ತಿತ್ತು. ಏಡಿಯ ಕೂಗು ಎಷ್ಟು ದೂರ ಹೋದೀತು? ಸೂರಪ್ಪ ದೊಡ್ಡ ಇಕ್ಕಳವನ್ನು ಮೇಲೆತ್ತಿ ಬೀಸಿದ. ಇದನ್ನು ವಾಪಸ್ ತಗೋ, ಸಣ್ಣದು ಕೊಡು ಅಂತ ಮತ್ತೆ ಮತ್ತೆ ಬೀಸಿದ.

ಆಚೆ ದಡದವರಿಗೂ ಕಾಣುವಂಥ ಇಕ್ಕಳ, ಆಮೆಗೂ ಕಂಡಿತು. ಪಾಪ, ಹತಾರ ಒಳ್ಳೆ ಕೆಲಸಕ್ಕೆ ಬಂತು ಅಂತ ಕಾಣುತ್ತೆ, ಎಷ್ಟು ಖುಷಿಯಿಂದ ನನ್ನನ್ನು ಬೀಳ್ಕೊಡುತ್ತಿದ್ದಾನೆ ಅಂದುಕೊಂಡಳು. ತಾನೂ ಒಂದು ರೆಕ್ಕೆಗಾಲು ಎತ್ತಿ ಹೋಗಿಬರ್ತೀನಿ ಅಂತ ಬೀಸಿ, ಮುಳುಗಿಹೋದಳು.

ಉಳಿದ ಮೊಟ್ಟೆಗಳಿಂದ ಮಕ್ಕಳಾದವು. ಹೆಣ್ಣುಮಕ್ಕಳಿಗೆ ಅಮ್ಮನ ಕೈ ಬಂತು, ಗಂಡುಮಕ್ಕಳಿಗೆ ಅಪ್ಪನ ಕೈ ಬಂತು. ಅದಕ್ಕೇ ಇವತ್ತಿಗೂ ಅಳಿವೆಯಲ್ಲಿ ನೀರು ಇಳಿದಾಗ ಹೋಗಿ ನೋಡಿದರೆ, ಹೆಣ್ಣೇಡಿ ಎರಡೂ ಕೈಯಲ್ಲಿ ಗಬಗಬ ಉಣ್ಣುತ್ತಿರುತ್ತದೆ, ಪಕ್ಕದಲ್ಲೇ ಗಂಡೇಡಿ ಇದನ್ನು ಯಾರಾದರೂ ವಾಪಸ್ ತಗೊಳ್ಳಿ ಅಂತ ದೊಡ್ಡ ಇಕ್ಕಳ ಎತ್ತಿ ಬೀಸುತ್ತಾ ನಿಂತಿರುತ್ತದೆ.