ತಿಪ್ಪೆಗೆ ಹೋದ ತುಕಡಿ

ಯಾರ ಮೈಯಿಂದ ಹೆಣದ ವಾಸನೆ ಬಂದರೂ ಅವರನ್ನು ತಿಪ್ಪೆಗೆ ಹೊತ್ತುಹಾಕಬೇಕೆಂಬುದು ಕಟ್ಟಿರುವೆಗಳ ತುಕಡಿಯ ಕಟ್ಟಳೆ. ಒಮ್ಮೆ ಸಿಪಾಯಿ ಕಾಳ ಜೊತೆಗಾರನ ಹೆಣ ಸಾಗಿಸಿ, ಮೈ ಒರೆಸಿಕೊಳ್ಳದೆ ಸಾಲಿಗೆ ಮರಳಿದ.

ದಫೇದಾರ ಮೂಸಿದ. “ಇವನು ಸತ್ತಿದ್ದಾನೆ. ಎತ್ತಿ!”

“ಬದುಕಿದ್ದೇನೆ, ದಫೇದಾರರೇ!”

“ಸತ್ತವನು ಸಾಲಿನಲ್ಲಿ ಮಾತಾಡಕೂಡದು.”

ಕಾಳ ತಿಪ್ಪೆಯಿಂದ ಮತ್ತೆ ಮತ್ತೆ ಓಡಿಬಂದ. ಗೆಳೆಯರು ಮತ್ತೆ ಮತ್ತೆ ಹೊತ್ತರು. ಮೈ ಒರೆಸಿಕೊಳ್ಳಲು ಅವರಿಗೂ ಪುರುಸೊತ್ತಾಗಲಿಲ್ಲ. ಸುಸ್ತಾಗಿ ಅವನು ತಿಪ್ಪೆಯಲ್ಲೇ ಬಿದ್ದುಕೊಂಡ. ಸ್ವಲ್ಪ ಹೊತ್ತಿಗೆ ಅವನನ್ನು ಹೊತ್ತವರನ್ನೂ ಹೊತ್ತು ತಂದರು; ಆಮೇಲೆ, ಅವರನ್ನು ಹೊತ್ತವರನ್ನು. ಬಂದವರೆಲ್ಲ ತಿಪ್ಪೆಯಲ್ಲಿ ಸಾಲಾಗಿ ಮಲಗಿದರು.

ಕೊನೆಗೆ ದಫೇದಾರ ತನ್ನ ಮೈಯನ್ನೇ ಮೂಸಿಕೊಳ್ಳುತ್ತ ಒಬ್ಬನೇ ನಡೆದು ಬಂದ.

“ನಿಮ್ಮನ್ನು ಯಾರೂ ಹೊತ್ತು ತರಲಿಲ್ಲವೇ?” ಎಂದ ಕಾಳ.

“ಹೊರಲು ಯಾರೂ ಉಳಿದಿಲ್ಲ.” ದಫೇದಾರ ಅವನ ಪಕ್ಕದಲ್ಲೇ ಅಂಗಾತ ಮಲಗಿ ಕಾಲು ಮಡಚಿಕೊಂಡ. “ಸಾಲು ನೆಟ್ಟಗಿರಲಿ.”