ಸಾಕವ್ವನ ಮಗ ಸ್ಕೂಟರಿಗೆ ಬ್ಯಾಟರಿ ಕೂರಿಸಿದ್ದು

ದಾವಣಗೆರೆಯ ಮಂಡಕ್ಕಿ ಭಟ್ಟಿ ಬೀದಿಯಲ್ಲಿ ಸಾಕವ್ವ ಅಂತ ಒಬ್ಬಳಿದ್ದಳು. ಅವಳಿಗೆ ಓಬಣ್ಣ ಅಂತ ಒಬ್ಬನೇ ಮಗ. ದೇವರು ಬುದ್ಧಿ ಹಂಚುವಾಗ ಇವನು ಚೀಲ ತರೋಕೆ ಮನೆಗೆ ಓಡಿದ್ದನಂತೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಬಂದ ಕಷ್ಟ. ಎಂಟು ಹೆಣ್ಣಿನವರು ಬಂದು, ಉಪ್ಪಿಟ್ಟು ತಿಂದು, ಕೈ ತೊಳೆದು ಎದ್ದು ಹೋಗಿದ್ದರು. ಯಾರ್‍ಯಾರು ಏನೇನಂದರು ಅಂತ ಬೀದಿಗೆಲ್ಲ ಬಾಯಿಪಾಠ.

ಒಂಬತ್ತನೆಯದು ಜಗಳೂರಿನ ಹೆಣ್ಣು. ಅವಳ ಸೋದರಮಾವ ಮಾರಪ್ಪ ಹೇಳಿಕಳಿಸಿದ: "ಹುಡುಗನಿಗೆ ಓಡಾಡೋ ಗಾಡಿ ಇದ್ದರೆ ಸೋಮವಾರ ಬಂದು ಮಾತು ಮುಗಿಸ್ತೀನಿ."

ಗಾಡಿ ಇತ್ತು. ಸಾಕವ್ವನ ಗಂಡ ಬಿಟ್ಟುಹೋದ ಮುದಿ ಸ್ಕೂಟರು. ಇದ್ದಷ್ಟು ದಿನ ಅವನು ಕುಡಿದ, ಈಗ ಅದು ಪೆಟ್ರೋಲು ಕುಡೀತಿತ್ತು. ಗುಜರಿ ಅಂಗಡಿಯ ದಸ್ತಗೀರ್ ಸಾಬರು ದಾರಿ ಹೇಳಿದರು: "ಮುಂದಿನ ಚಕ್ರಕ್ಕೆ ಮೋಟರು ಕೂರಿಸ್ತೀನಿ, ಬ್ಯಾಟರೀಲಿ ಓಡ್ತದೆ. ಹಿಂದಿನದು ಪೆಟ್ರೋಲಲ್ಲೇ ಇರಲಿ. ಅದಿಲ್ಲ ಅಂದರೆ ಇದು. ಬ್ಯಾಟರಿ ಮಾತ್ರ ನೀವು ತನ್ನಿ."

"ಹೊಸ ಸಾಮಾನು ಕಣೋ, ನೀರು ಹಾಕಿ, ಕುಂಕುಮ ಹಚ್ಚಿ ಒಳಗೆ ತಗೋ" ಅಂದಳು ಸಾಕವ್ವ.

ಓಬಣ್ಣ ಬ್ಯಾಟರಿ ತಂದ. ಹೊಸಿಲ ಮುಂದೆ ಇಟ್ಟ. ಎರಡು ಕೊಡ ನೀರು ಹುಯ್ದ, ಸೀಗೆಪುಡಿ ಹಚ್ಚಿ ತಿಕ್ಕಿದ. ಅದು ಒಮ್ಮೆ ಬುಸ್ ಅಂದು ಸುಮ್ಮನಾಯಿತು.

"ಮುಂಡೇದೆ, ಅದೇನು ಬಾಣಂತಿಯೇನೋ ಎರೆಯೋಕೆ? ಇನ್ನು ಮೇಲೆ ಗಾಡಿಗೆ ಏನೇ ತಂದರೂ ಒಣ ಗೋಣಿಚೀಲದಲ್ಲಿ ಹಾಕಿಕೊಂಡು ಬಾ."

"ಆಗಲಿ ಕಣವ್ವ."

ಸಾಬರೇ ಬೇರೆ ಬ್ಯಾಟರಿ ಹುಡುಕಿ ಕೂರಿಸಿದರು. ಸಾಕವ್ವ ಮಗನನ್ನು ಪೆಟ್ರೋಲಿಗೆ ಕಳಿಸಿದಳು. ಓಬಣ್ಣ ಬಂಕಿಗೆ ಹೋಗಿ ಗೋಣಿಚೀಲದ ಬಾಯಿ ಅಗಲಿಸಿದ. ಬಂಕಿನವನು ಹುಯ್ದೇಬಿಟ್ಟ. ಅವನಿಗೂ ಯಾರೋ ಹೆಣ್ಣು ಕೊಟ್ಟಿದ್ದಾರೆ ನೋಡಿ. ಮನೆ ಮುಟ್ಟುವಾಗ ಚೀಲದಲ್ಲಿ ವಾಸನೆ ಬಿಟ್ಟರೆ ಇನ್ನೇನಿಲ್ಲ.

"ಊಟದ ಎಲೇಲಿ ಒಂದಗುಳು ಬಿಟ್ಟು ಏಳ್ತೀಯೇನೋ? ಏಳಲ್ಲ. ಗಾಡಿಗೂ ಹಾಗೇ. ಮೊದಲು ಬ್ಯಾಟರಿ ಮುಗಿಸು, ಆಮೇಲೆ ಪೆಟ್ರೋಲು ಮುಗಿಸು. ಏನೂ ದಂಡ ಆಗಬಾರದು."

"ಆಗಲಿ ಕಣವ್ವ."

ಭಾನುವಾರ ಮತ್ತೆ ಪೆಟ್ರೋಲು ಹುಯ್ಯಿಸಿ, ಮಂಡಕ್ಕಿ ಮೂಟೆ ಹಾಕಿಕೊಂಡು ಸಂತೆಗೆ ಹೋದ. ಸಂತೆ ಮಗ್ಗುಲಲ್ಲೇ ಇದೆ. ಬೆಳಿಗ್ಗೆ ಹೋದವನು ಊರೆಲ್ಲ ಸುತ್ತಿ, ಸಂಜೆ ಗಾಡಿ ತಳ್ಳಿಕೊಂಡು ಬಂದ.

"ಎರಡೂ ಮುಗಿಸಿದೆ ಕಣವ್ವ, ಒಂದಗುಳು ಬಿಟ್ಟಿಲ್ಲ."

ಸಾಕವ್ವ ಹಣೆ ಚಚ್ಚಿಕೊಂಡಳು. "ಖಾಲಿ ಗಾಡಿ ಮನೆಗೆ ತರ್ತಾರೇನೋ? ಮುಗಿದರೆ ಬಂಕಿಗೆ ಹೋಗು, ತುಂಬಿಸಿಕೊಂಡೇ ಬಾ. ನಾಳೆ ಮಾವ ಬರ್ತಾರೆ, ಬಸ್‌ಸ್ಟ್ಯಾಂಡಿಂದ ಕೂರಿಸಿಕೊಂಡು ಬಾ. ಈ ಸಂಬಂಧವೂ ತಪ್ಪಿದರೆ ನಾನು ಬೀದೀಲಿ ತಲೆ ಎತ್ತೋ ಹಾಗಿಲ್ಲ."

"ಆಗಲಿ ಕಣವ್ವ."

ಸೋಮವಾರ ಬ್ಯಾಟರಿಗೆ ಚಾರ್ಜ್ ಹಾಕಿಸಿ, ಕಾಲು ಲೀಟರು ಪೆಟ್ರೋಲು ಹುಯ್ಯಿಸಿ ಕಳಿಸಿದಳು. ಮಾವನ ಕಾಲಿಗೆ ನೀರು ಕೊಡೋಕೆ ಚೊಂಬು ಹಿಡಿದು ಬಾಗಿಲಲ್ಲಿ ನಿಂತಳು. ಸ್ಕೂಟರು ಸದ್ದಿಲ್ಲದೆ ಬಂತು, ಹಿಂದೆ ಬಿಳಿ ಪಂಚೆಯ ಮಾರಪ್ಪ. ಬಂತು, ಮನೆ ದಾಟಿ ಹೋಯಿತು. ಬೀದಿ ಸುತ್ತಿ ಮತ್ತೆ ಬಂತು, ಮತ್ತೆ ಹೋಯಿತು.

"ನಿಲ್ಲಿಸಪ್ಪ, ಮನೆ ಬಂತಲ್ಲ" ಅಂದ ಮಾರಪ್ಪ.

"ಬ್ಯಾಟರಿ ಮುಗಿದಿಲ್ಲ ಮಾವ. ಎಲೇಲಿ ಬಿಟ್ಟು ಏಳಬಾರದು."

ಹನ್ನೆರಡನೇ ಸುತ್ತಿಗೆ ಬ್ಯಾಟರಿ ಮುಗೀತು. ಮಾರಪ್ಪ ಕಾಲು ಕೆಳಗಿಡುವಷ್ಟರಲ್ಲಿ ಓಬಣ್ಣ ಕಿಕ್ ಒದ್ದ. ಈಗ ಸದ್ದೂ ಬಂತು, ಹೊಗೆಯೂ ಬಂತು. ಬೀದಿ ಹೆಂಗಸರೆಲ್ಲ ಮೊರ ಬಿಟ್ಟು ಹೊರಗೆ ಬಂದರು. ಪೆಟ್ರೋಲು ತೀರಿದಾಗ ಬಿಳಿ ಪಂಚೆ ಕರಿ ಆಗಿತ್ತು, ಗಾಡಿ ಸರಿಯಾಗಿ ಸಾಕವ್ವನ ಹೊಸಿಲ ಎದುರಿಗೇ ನಿಂತಿತ್ತು. ಅವಳು ಚೊಂಬು ಚಾಚಿದಳು.

"ಇರವ್ವ, ಖಾಲಿ ಐತೆ" ಅಂದ ಓಬಣ್ಣ, ಮಾವನನ್ನು ಕೂರಿಸಿಕೊಂಡೇ ಬಂಕಿಗೆ ತಳ್ಳಿಕೊಂಡು ಹೋದ.

ತಾಸು ಬಿಟ್ಟು ಬಂದ. ಹಿಂದಿನ ಸೀಟಲ್ಲಿ ಯಾರೂ ಇಲ್ಲ.

"ಮಾವ ಎಲ್ಲೋ?"

"ಬಂಕಿನ ಹತ್ತಿರ ಜಗಳೂರು ಬಸ್ಸು ಬಂತು, ಓಡಿ ಹತ್ತಿದರು. ಹೋಗಲಿ ಬಿಡವ್ವ. ಟ್ಯಾಂಕು ನೋಡು, ಕಂಠಮಟ ಐತೆ."

ಅಂದವನೇ ಗಾಡಿ ತಿರುಗಿಸಿದ. ತುಂಬಿದ್ದನ್ನು ಮುಗಿಸಬೇಕಲ್ಲ.

ಸಾಕವ್ವ ಆ ಚೊಂಬಿನ ನೀರು ತಾನೇ ಕುಡಿದು ಹೊಸಿಲ ಮೇಲೆ ಕೂತಳು. ಸ್ಕೂಟರು ಬಂತು, ಹೋಯಿತು. ಬಂತು, ಹೋಯಿತು.