ನ್ಯಾಯಪೀಠದ ಮೇಲಿನ ಬಂಡೆ

ಇಪ್ಪೆ ಹೂವಿನ ಮತ್ತಿಗೆ ಬಿದ್ದು ಕಾಡಿನ ಮರಿಗಳೆಲ್ಲ ಹಾಳಾಗುತ್ತಿವೆಯೆಂದು ಸಿಟ್ಟಿಗೆದ್ದ ಸಿಂಹ, ಯಾರ ಬಳಿ ಆ ಹೂ ಸಿಕ್ಕರೂ ಜೀವಮಾನವಿಡೀ ಹೊಳೆಯಾಚೆಗೆ ಗಡಿಪಾರು ಎಂದು ಕಟ್ಟಳೆ ಮಾಡಿತು.

ನ್ಯಾಯಾಧೀಶ ಆನೆಯ ಮುಂದೆ ಇಬ್ಬರನ್ನು ತಂದು ನಿಲ್ಲಿಸಿದರು. ಒಬ್ಬ, ಗುಹೆ ತುಂಬ ಹೂ ಕೊಳೆಹಾಕಿ ಮರಿಗಳಿಗೆ ಮಾರುತ್ತಿದ್ದ ನರಿ. ಇನ್ನೊಬ್ಬ, ತಾಯಿಯ ಕೆಮ್ಮಿಗೆಂದು ಒಂದೇ ಹೂ ಕಚ್ಚಿಕೊಂಡು ಓಡುತ್ತಿದ್ದ ಅಳಿಲು. ನರಿಯನ್ನು ಹೊಳೆ ದಾಟಿಸಲು ಆನೆ ತಡಮಾಡಲಿಲ್ಲ. ಅಳಿಲನ್ನು ನೋಡಿದಾಗ ಮಾತ್ರ ಅದು ಸಿಂಹದತ್ತ ತಿರುಗಿತು.

“ಪ್ರಭು, ಇದರ ಸಂಗತಿ ಬೇರೆ. ವಿಚಾರಿಸಲು ಅಪ್ಪಣೆಯಾಗಲಿ” ಎಂದಿತು ಆನೆ.

“ವಿಚಾರಿಸುವುದೇನಿದೆ? ಹೂ ಸಿಕ್ಕಿದೆ, ಶಿಕ್ಷೆ ಗೊತ್ತಿದೆ. ನೀನು ಸಾರಿದರಾಯಿತು” ಎಂದಿತು ಸಿಂಹ.

“ಅಷ್ಟಕ್ಕೆ ನಾನೇಕೆ? ಇಲ್ಲೊಂದು ಬಂಡೆ ಇಟ್ಟರೆ ಸಾಕು” ಎಂದು ಆನೆ ಪೀಠದಿಂದ ಇಳಿದು ಹೋಯಿತು.

ಹಟಕ್ಕೆ ಬಿದ್ದ ಸಿಂಹ ಬಂಡೆಯನ್ನೇ ಇಡಿಸಿತು. ಅಳಿಲು ಹಿಂದಿರುಗಿ ನೋಡುತ್ತಲೇ ಹೊಳೆ ದಾಟಿತು.

ಮರುವರ್ಷ ಇಪ್ಪೆ ಹೂಬಿಟ್ಟಾಗ, ಕಾವಲಿನ ಕತ್ತೆಕಿರುಬ ಸಿಂಹದ ಮರಿಯನ್ನೇ ಹಿಡಿದು ತಂದಿತು. ಅದರ ಬಾಲಕ್ಕೊಂದು ಹೂ ಅಂಟಿಕೊಂಡಿತ್ತು.

ಸಿಂಹ ಬಂಡೆಯ ಮುಂದೆ ನಿಂತು, “ಇನ್ನೂ ಕೂಸು. ಮರದ ಕೆಳಗೆ ಹೊರಳಾಡಿದೆ, ಅಷ್ಟೆ. ಒಂದು ಮಾತು ಕೇಳಬಾರದೇ?” ಎಂದಿತು. ಬಂಡೆ ಸುಮ್ಮನಿತ್ತು.

“ಕಟ್ಟಳೆ ತಮ್ಮದೇ, ಪ್ರಭು” ಎಂದು ಕತ್ತೆಕಿರುಬ ಮರಿಯನ್ನು ಹೊಳೆಯತ್ತ ನಡೆಸಿತು.

ಸಿಂಹ ಅದನ್ನು ತಡೆದು, ತಾನೇ ಬಂಡೆಯನ್ನು ಉರುಳಿಸಿ, ಆನೆಯನ್ನು ಹುಡುಕಿ ಕರೆತಂದಿತು. “ಇನ್ನು ವಿಚಾರಣೆ, ತೀರ್ಪು ಎಲ್ಲ ನಿನಗೇ ಬಿಟ್ಟಿದ್ದು. ಶುರುಮಾಡು” ಎಂದಿತು.

ಆನೆ ಪೀಠವೇರಿ ಮರಿಯನ್ನೊಮ್ಮೆ ನೋಡಿತು.

“ಆಗಲಿ ಪ್ರಭು. ಆದರೆ ಇವನ ಸರದಿ ಆಮೇಲೆ. ಮೊದಲು ಹೊಳೆಯಾಚೆಯಿಂದ ಅಳಿಲನ್ನು ಕರೆಸಿ.”